ನೀವು ಕೇಳಿದಿರಿ: ಗಣಿಯ ಕಸದ ಲೆಕ್ಕ

ಪ್ರಶ್ನೆ: ತಾಮ್ರ ಗಣಿ ಕಂಪನಿಯೊಂದು ತನ್ನ ತ್ಯಾಜ್ಯದಲ್ಲಿ ಶೇ 80ರಷ್ಟನ್ನು ಮರುಬಳಕೆ ಮಾಡಿದ್ದಾಗಿ ವರದಿಯಲ್ಲಿ ಬರೆದಿದೆ. ನಂಬಬಹುದೇ?

ಸಂಖ್ಯೆ ಸರಿಯೇ ಇರಬಹುದು. ಆದರೆ ಯಾವುದರ ಶೇ 80? ಇಂಥ ಸಾಲುಗಳು ಹೆಚ್ಚಾಗಿ ಗುಜರಿ ಕಬ್ಬಿಣ, ಹಳೆಯ ಎಣ್ಣೆ, ಟೈರು, ಬ್ಯಾಟರಿಗಳ ಲೆಕ್ಕ. ಕಲ್ಲು ಮತ್ತು ಕೆಸರಿನದು ಬೇರೆ ಪುಟದಲ್ಲಿರುತ್ತದೆ, ಕೆಲವೊಮ್ಮೆ ಇರುವುದೇ ಇಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳಿ. ಅದಿರಿನಲ್ಲಿ ಶೇ 0.6 ತಾಮ್ರವಿದೆ, ಅದರಲ್ಲಿ ಶೇ 90 ಕೈಗೆ ಸಿಗುತ್ತದೆ ಎನ್ನೋಣ. ಒಂದು ಟನ್ ಅದಿರಿಗೆ 5.4 ಕೆಜಿ ತಾಮ್ರ. ಶೇ 25 ತಾಮ್ರವಿರುವ ಸಾಂದ್ರೀಕೃತ ಪುಡಿಯಾಗಿ ಅದು ಹೊರಗೆ ಹೋದರೆ ಪುಡಿಯ ತೂಕ ಸುಮಾರು 22 ಕೆಜಿ. ಉಳಿದ 978 ಕೆಜಿ ಟೇಲಿಂಗ್ಸ್, ಅಂದರೆ ತಾಮ್ರ ತೆಗೆದ ಮೇಲೆ ಉಳಿಯುವ, ನುಣ್ಣಗೆ ಅರೆದ ಅದಿರಿನ ಕೆಸರು. ಒಂದು ಟನ್ ಅದಿರಿಗಾಗಿ ಎರಡು ಟನ್ ಬರಡು ಕಲ್ಲು ತೆಗೆಯಬೇಕಾಗಿದ್ದರೆ ಅದನ್ನೂ ಸೇರಿಸಿ. ಇದರ ಮುಂದೆ ಟೈರಿನ ಲೆಕ್ಕ ಎಲ್ಲಿ ಕಾಣುತ್ತದೆ?

ಕಂಪನಿಗಳ ಸುಸ್ಥಿರತೆ ವರದಿಗಳಿಗಾಗಿ ಇರುವ ಜಿಆರ್‌ಐ ಮಾನದಂಡಗಳಲ್ಲಿ ತ್ಯಾಜ್ಯದ್ದು ಜಿಆರ್‌ಐ 306 (2020). ಅದರ ಪ್ರಕಾರ ಬರೆದ ವರದಿಯಾದರೆ ಮೂರು ಅಂಕಿ ಹುಡುಕಿ: ಹುಟ್ಟಿದ ತ್ಯಾಜ್ಯ (306-3), ವಿಲೇವಾರಿಗೆ ಹೋಗದೆ ಮರುಬಳಕೆಯಂಥ ದಾರಿ ಹಿಡಿದದ್ದು (306-4), ವಿಲೇವಾರಿಗೆ ಹೋದದ್ದು (306-5). ಮೂರೂ ಟನ್‌ಗಳಲ್ಲಿರಬೇಕು, ಅಪಾಯಕಾರಿ ತ್ಯಾಜ್ಯ ಬೇರೆಯಾಗಿ ಕಾಣಬೇಕು. ಟೇಲಿಂಗ್ಸ್ ಈ ಅಂಕಿಗಳ ಒಳಗಿದೆಯೋ ಹೊರಗಿದೆಯೋ ಎಂಬುದು ಅಡಿಟಿಪ್ಪಣಿಯಲ್ಲಿ ಅಡಗಿರುತ್ತದೆ. ಅಲ್ಲಿಂದಲೇ ಓದಲು ಶುರುಮಾಡಿ.

ಪ್ರಶ್ನೆ: ಟೇಲಿಂಗ್ಸ್ ಕಟ್ಟೆಗೆ ‘ಎಕ್ಸ್‌ಟ್ರೀಮ್’ ವರ್ಗ ಕೊಟ್ಟಿದ್ದಾರೆ. ಅದು ಒಡೆಯುವ ಹಂತದಲ್ಲಿದೆಯೇ?

ಹಾಗಲ್ಲ. ಒಡೆದರೆ ಎಷ್ಟು ಹಾನಿ ಎಂಬುದನ್ನು ಆ ವರ್ಗ ಹೇಳುತ್ತದೆ, ಒಡೆಯುವ ಸಂಭವವನ್ನಲ್ಲ. ಬ್ರೆಜಿಲ್‌ನ ಬ್ರುಮಾಜಿನ್ಯೊದಲ್ಲಿ 2019ರ ಜನವರಿ 25ರಂದು ಕಟ್ಟೆ ಕುಸಿದು 270 ಜನ ಸತ್ತರು. ಆ ಕಟ್ಟೆಗೆ 2016ರಿಂದ ಹೊಸ ಕೆಸರು ಬಿಟ್ಟಿರಲಿಲ್ಲ, ಹಿಂದಿನ ವರ್ಷವಷ್ಟೇ ಅದು ಸ್ಥಿರವಾಗಿದೆ ಎಂಬ ಪ್ರಮಾಣಪತ್ರವೂ ಸಿಕ್ಕಿತ್ತು. ಈ ದುರಂತದ ಬೆನ್ನಿಗೆ 2020ರ ಆಗಸ್ಟ್‌ನಲ್ಲಿ ಟೇಲಿಂಗ್ಸ್ ನಿರ್ವಹಣೆಯ ಜಾಗತಿಕ ಮಾನದಂಡ ಬಂತು.

ವರ್ಗಕ್ಕಿಂತ ಕಟ್ಟೆ ಬೆಳೆದ ರೀತಿ ನೋಡಿ. ಪ್ರತಿ ಏರಿಯನ್ನೂ ಒಳಗಿನ ಕೆಸರಿನ ಮೇಲೆಯೇ ಕಟ್ಟುತ್ತ ಹೋಗುವ ‘ಅಪ್‌ಸ್ಟ್ರೀಮ್’ ವಿಧಾನ ಅಗ್ಗ, ಆದರೆ ಅಡಿಯ ಕೆಸರು ನೀರುಂಡಿದ್ದರೆ ಒಮ್ಮೆಲೇ ಬಿಗಿ ಕಳೆದುಕೊಂಡು ದ್ರವದಂತೆ ಹರಿಯುತ್ತದೆ. ಮೇಲಿನ ಕೊಳ ಏರಿಯ ಕಡೆಗೆ ಸರಿದರೆ, ಬಸಿಗಾಲುವೆ ಮುಚ್ಚಿಕೊಂಡರೆ, ಒಳಗಿನ ನೀರಿನ ಮಟ್ಟ ಏರುತ್ತದೆ. ಪೀಜೋಮೀಟರ್ ಅಳೆಯುವುದು ಈ ನೀರಿನ ಒತ್ತಡವನ್ನೇ. ‘ನಿರಂತರ ನಿಗಾ ಇದೆ’ ಎಂಬ ಸಾಲಿನಿಂದ ಏನೂ ತಿಳಿಯುವುದಿಲ್ಲ. ಎಷ್ಟು ಪೀಜೋಮೀಟರ್ ಕೆಲಸ ಮಾಡುತ್ತಿವೆ, ಮಿತಿ ಎಷ್ಟು ಸಲ ದಾಟಿತು, ದಾಟಿದಾಗ ಏನು ಮಾಡಿದರು? ಸ್ವತಂತ್ರ ಪರಿಶೀಲಕರು ಹೇಳಿದ್ದರಲ್ಲಿ ಬಾಕಿ ಉಳಿದದ್ದೇನು? ಇವುಗಳಿಗೆ ಉತ್ತರವಿದ್ದರೆ ಅದು ವರದಿ.

ಪ್ರಶ್ನೆ: ಗಣಿಯ ಬರಡು ಕಲ್ಲಿನ ಗುಡ್ಡೆಯಿಂದ ಮೊದಲ ಕೆಲವು ವರ್ಷ ತಿಳಿನೀರು ಬರುತ್ತಿತ್ತು, ಈಗ ತುಕ್ಕಿನ ಬಣ್ಣದ ನೀರು. ಯಾಕೆ?

ಕಲ್ಲಿನಲ್ಲಿರುವ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜಕ್ಕೆ ಗಾಳಿ, ನೀರು ತಾಗಿ ಗಂಧಕಾಮ್ಲ ಹುಟ್ಟುತ್ತಿದೆ, ತುಕ್ಕಿನ ಬಣ್ಣ ಅದರ ಕಬ್ಬಿಣದ್ದು. ಅದೇ ಕಲ್ಲಿನಲ್ಲಿರುವ ಸುಣ್ಣದ ಅಂಶ ಮುಗಿಯುವ ತನಕ ಆಮ್ಲವನ್ನು ನುಂಗಿಹಾಕುತ್ತದೆ. ಹಾಗಾಗಿಯೇ ಇಷ್ಟು ತಡ.

ಇದನ್ನು ಮೊದಲೇ ಅಂದಾಜು ಮಾಡಬಹುದಿತ್ತು. ಕಲ್ಲಿನಲ್ಲಿರುವ ಸಲ್ಫೈಡ್ ಗಂಧಕದ (ಪೈರೈಟ್‌ನಂಥ ಖನಿಜಗಳಲ್ಲಿರುವ ಗಂಧಕ) ಶೇಕಡಾ ಪ್ರಮಾಣವನ್ನು 31.25ರಿಂದ ಗುಣಿಸಿದರೆ ಒಂದು ಟನ್ ಕಲ್ಲಿನ ಆಮ್ಲ ತಟಸ್ಥಗೊಳಿಸಲು ಎಷ್ಟು ಕೆಜಿ ಕ್ಯಾಲ್ಸಿಯಂ ಕಾರ್ಬೊನೇಟ್ ಬೇಕೆಂದು ಸಿಗುತ್ತದೆ. ಶೇ 2 ಗಂಧಕಕ್ಕೆ 62.5 ಕೆಜಿ. ಕಲ್ಲಿನಲ್ಲಿ ಅಷ್ಟಿಲ್ಲದಿದ್ದರೆ ಆಮ್ಲ ಬರುವ ಸಂಭವ ಹೆಚ್ಚು. ಅಷ್ಟಿದ್ದೂ ಎರಡು ಪಟ್ಟಿಗಿಂತ ಕಡಿಮೆಯಿದ್ದರೆ ತೀರ್ಪು ಕೊಡಲಾಗದು, ತಿಂಗಳುಗಟ್ಟಲೆ ಕಲ್ಲನ್ನು ತೊಯ್ಸಿ ಒಣಗಿಸಿ ಪರೀಕ್ಷಿಸಬೇಕು.

ಕಲ್ಲು ಸುರಿಯುವ ರೀತಿಯೂ ಕೆಡಿಸುತ್ತದೆ. ಎತ್ತರದ ಅಂಚಿನಿಂದ ಲಾರಿ ಸುರಿದರೆ ದಪ್ಪ ಕಲ್ಲು ಉರುಳಿ ತಳ ಸೇರಿ ಗಾಳಿಗೆ ದಾರಿಯಾಗುತ್ತದೆ. ತೆಳುವಾದ ಪದರಗಳಲ್ಲಿ ಹಾಸಿ ಅದುಮಬೇಕು, ಗಂಧಕದ ಕಲ್ಲನ್ನು ಒಳಗಿಟ್ಟು ಸುತ್ತ ಆಮ್ಲ ಹುಟ್ಟಿಸದ ಕಲ್ಲು, ಮೇಲೆ ಜೇಡಿ ಹಾಕಬೇಕು. ನಿಮ್ಮ ಗುಡ್ಡೆಗೆ ಈಗ ಉಳಿದದ್ದು ಬಸಿನೀರು ಹಿಡಿದು ಸುಣ್ಣ ಹಾಕುವ ದಾರಿ. ಅದರಿಂದ ಲೋಹ ತುಂಬಿದ ಗಸಿ ಕೂರುತ್ತದೆ. ಮುಂದಿನ ವರದಿಯಲ್ಲಿ ಆ ಗಸಿಯ ಟನ್ ಲೆಕ್ಕ ಇದೆಯೇ, ನೋಡಿ.