ಶೇ. 44 ಎಂದರೆ ನೂರರಲ್ಲಿ 44 ಜನ ಅಲ್ಲ

ಪ್ರಶ್ನೆ: ನನಗೆ 58 ವರ್ಷ. ಶುಗರ್ ಇಲ್ಲ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 120. ಡಾಕ್ಟರು ಕೊಲೆಸ್ಟ್ರಾಲ್ ಇಳಿಸುವ ರೊಸುವಾಸ್ಟಾಟಿನ್ ಮಾತ್ರೆ ಶುರುಮಾಡೋಣ ಎಂದಿದ್ದಾರೆ. ‘ಜುಪಿಟರ್’ ಅಧ್ಯಯನದಲ್ಲಿ ಈ ಮಾತ್ರೆಯಿಂದ ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಶೇ. 44ರಷ್ಟು ತಗ್ಗಿದವು ಎಂದು ಓದಿದೆ. ಮಾತ್ರೆ ತಿಂದ ನೂರರಲ್ಲಿ 44 ಮಂದಿ ಪಾರಾದರು ಎಂದು ಅರ್ಥವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅಲ್ಲ. ಇಂಥ ಅಂಕಿ ಕಂಡಾಗಲೆಲ್ಲ ‘ಯಾವುದರಲ್ಲಿ ಶೇ. 44?’ ಎಂದು ಕೇಳಿಕೊಳ್ಳಿ. 2008ರಲ್ಲಿ ಪ್ರಕಟವಾದ ಜುಪಿಟರ್‌ನಲ್ಲಿ 17,802 ಜನರಿದ್ದರು. 8,901 ಮಂದಿಗೆ ದಿನಕ್ಕೆ 20 ಮಿ.ಗ್ರಾಂ. ರೊಸುವಾಸ್ಟಾಟಿನ್, ಉಳಿದ ಅಷ್ಟೇ ಮಂದಿಗೆ ಔಷಧವಿಲ್ಲದ ಮಾತ್ರೆ, ಅಂದರೆ ಪ್ಲಸೀಬೊ. ಸುಮಾರು 1.9 ವರ್ಷಗಳಲ್ಲಿ ಪ್ಲಸೀಬೊ ಗುಂಪಿನ 251 ಮಂದಿಗೆ, ಔಷಧದ ಗುಂಪಿನ 142 ಮಂದಿಗೆ ತೊಂದರೆಯಾಯಿತು.

ಈಗ ಭಾಗಿಸಿ. 251 ಎಂದರೆ 8,901ರಲ್ಲಿ ಶೇ. 2.82, 142 ಎಂದರೆ ಶೇ. 1.60. ಮೊದಲೇ ಚಿಕ್ಕದಾಗಿದ್ದ 2.82 ಎಂಬ ಅಪಾಯದಲ್ಲಿ ಆದ ಇಳಿಕೆಯೇ ಆ ಶೇ. 44 (ತೊಂದರೆ ಯಾವಾಗ ಬಂತು ಎಂಬುದನ್ನೂ ಲೆಕ್ಕಕ್ಕೆ ಹಿಡಿದ ಅಂಕಿ ಅದು). ನೇರ ವ್ಯತ್ಯಾಸ 1.22. 100ನ್ನು 1.22ರಿಂದ ಭಾಗಿಸಿದರೆ 82: ಅಷ್ಟು ಜನ ಸುಮಾರು ಎರಡು ವರ್ಷ ಮಾತ್ರೆ ತಿಂದರೆ ಒಬ್ಬರ ತೊಂದರೆ ತಪ್ಪುತ್ತದೆ. ‘ತೊಂದರೆ’ಯಲ್ಲಿ ಏನೇನು ಸೇರಿದೆ ಎಂದೂ ನೋಡಬೇಕು. ಇಲ್ಲಿ ಸ್ಟೆಂಟ್, ಬೈಪಾಸ್‌ನಂಥ ಚಿಕಿತ್ಸೆಗಳೂ ಎದೆನೋವಿಗೆ ಆಸ್ಪತ್ರೆ ಸೇರಿದ್ದೂ ಸೇರಿವೆ.

ಅದೇ ಅಧ್ಯಯನದಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆ ಬಂದವರು ಔಷಧದ ಗುಂಪಿನಲ್ಲಿ 270, ಪ್ಲಸೀಬೊದಲ್ಲಿ 216. ಹೋಲಿಕೆಯ ಲೆಕ್ಕದಲ್ಲಿ ಶೇ. 25 ಏರಿಕೆ, ನೇರ ಲೆಕ್ಕದಲ್ಲಿ ಶೇ. 0.6. ಲಾಭಕ್ಕೆ 44, ನಷ್ಟಕ್ಕೆ 0.6 ಎಂದು ಬರೆದರೆ ಅದು ಓದುಗರಿಗೆ ಮಾಡುವ ಅನ್ಯಾಯ. ಎರಡಕ್ಕೂ ಒಂದೇ ಅಳತೆ ಹಿಡಿಯಬೇಕು.

ನಿಮ್ಮ ಮಟ್ಟಿಗೆ ಮುಖ್ಯವಾದದ್ದು ನಿಮ್ಮ ಮೂಲ ಅಪಾಯ. ಮಾತ್ರೆ ಅಪಾಯವನ್ನು ಕಾಲು ಭಾಗ ಇಳಿಸುತ್ತದೆ ಎಂದುಕೊಳ್ಳೋಣ. ಹತ್ತು ವರ್ಷದ ಅಪಾಯ ಶೇ. 20 ಇದ್ದವರಿಗೆ ಅದು 15ಕ್ಕಿಳಿಯುತ್ತದೆ, ನೂರರಲ್ಲಿ ಐವರಿಗೆ ಲಾಭ. ಶೇ. 4 ಇದ್ದವರಿಗೆ 3, ಲಾಭ ಒಬ್ಬರಿಗೆ. ಬಿಪಿ, ಸಿಗರೇಟು, ಮನೆತನದಲ್ಲಿ ಹೃದ್ರೋಗ ಎಲ್ಲವನ್ನೂ ಸೇರಿಸಿ ‘ನನ್ನ ಹತ್ತು ವರ್ಷದ ಅಪಾಯ ಎಷ್ಟು?’ ಎಂದು ಡಾಕ್ಟರನ್ನೇ ಕೇಳಿ. ಜುಪಿಟರ್‌ಗೆ ಆಯ್ದವರೆಲ್ಲರಿಗೂ ರಕ್ತದಲ್ಲಿ ಹೈ-ಸೆನ್ಸಿಟಿವಿಟಿ ಸಿಆರ್‌ಪಿ (ಮೈಯೊಳಗಿನ ಉರಿಯೂತವನ್ನು ಸೂಚಿಸುವ ಅಂಶ) ಲೀಟರಿಗೆ 2 ಮಿ.ಗ್ರಾಂ. ಅಥವಾ ಹೆಚ್ಚಿತ್ತು. ನಿಮ್ಮದು ಎಷ್ಟೆಂದು ತಿಳಿಯದೆ ಆ ಫಲಿತಾಂಶವನ್ನು ನೇರ ನಿಮಗೆ ಹೊಂದಿಸಲಾಗದು. ಅಲ್ಲದೆ ಅಧ್ಯಯನವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಹಾಗೆ ನಿಲ್ಲಿಸಿದಾಗ ಲಾಭ ಇರುವುದಕ್ಕಿಂತ ದೊಡ್ಡದಾಗಿ ಕಾಣುವ ಸಂಭವವಿದೆ. ಈಗಾಗಲೇ ಹೃದಯಾಘಾತವಾದವರು ಮಾತ್ರ ಈ ಲೆಕ್ಕ ನೋಡಿ ಮಾತ್ರೆ ಬಿಡಲೇಬಾರದು. ಅವರ ಮೂಲ ಅಪಾಯ ಹೆಚ್ಚು, ಲಾಭವೂ ಹೆಚ್ಚು.

ಪ್ರಶ್ನೆ: ಪಿ ವ್ಯಾಲ್ಯೂ 0.05ಕ್ಕಿಂತ ಕಡಿಮೆ ಇದ್ದರೆ ಫಲಿತಾಂಶ ಶೇ. 95 ನಿಜ ಎನ್ನಬಹುದೇ?
– ನರ್ಸಿಂಗ್ ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಎನ್ನಲಾಗದು. ಮೇಲೆ ಹೇಳಿದ 270 ಮತ್ತು 216ರ ಪಿ ವ್ಯಾಲ್ಯೂ 0.01. ಔಷಧಕ್ಕೂ ಸಕ್ಕರೆ ಕಾಯಿಲೆಗೂ ಸಂಬಂಧವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಆಕಸ್ಮಿಕವಾಗಿ ಬರುವ ಸಾಧ್ಯತೆ ನೂರರಲ್ಲಿ ಒಂದು ಎಂದಷ್ಟೇ ಅದರ ಅರ್ಥ. ಪರಿಣಾಮ ದೊಡ್ಡದೋ ಚಿಕ್ಕದೋ ಎಂಬುದನ್ನು ಅದು ಹೇಳುವುದಿಲ್ಲ. ಕೆಲಸಕ್ಕೆ ಬಾರದ ಔಷಧವನ್ನು ಒಂದಕ್ಕೊಂದು ಸಂಬಂಧವಿಲ್ಲದ 20 ವಿಷಯಗಳಲ್ಲಿ ಪರೀಕ್ಷಿಸಿದರೂ ಒಂದರಲ್ಲಾದರೂ 0.05ಕ್ಕಿಂತ ಕಡಿಮೆ ಬರುವ ಸಾಧ್ಯತೆ ಶೇ. 64. ಆದ್ದರಿಂದ ಏನನ್ನು ಅಳೆಯುತ್ತೇವೆ ಎಂದು ಮೊದಲೇ ಘೋಷಿಸಿದ್ದರೇ ಎಂದು ನೋಡಿ.

ಕಾನ್ಫಿಡೆನ್ಸ್ ಇಂಟರ್‌ವಲ್, ಅಂದರೆ ದತ್ತಾಂಶಕ್ಕೆ ಹೊಂದುವ ಅಂಕಿಗಳ ವ್ಯಾಪ್ತಿ, ಇನ್ನೂ ಉಪಯುಕ್ತ. ಜುಪಿಟರ್‌ನ ಹೆಜಾರ್ಡ್ ರೇಶಿಯೊ (ಪ್ಲಸೀಬೊ ಗುಂಪಿಗೆ ಹೋಲಿಸಿದಾಗ ಔಷಧದ ಗುಂಪಿನ ಅಪಾಯ; 1 ಎಂದರೆ ಎರಡೂ ಸಮ) 0.56, ಅದರ ವ್ಯಾಪ್ತಿ 0.46ರಿಂದ 0.69. ಅಂದರೆ ಇಳಿಕೆ ಶೇ. 31 ಇದ್ದರೂ 54 ಇದ್ದರೂ ಈ ದತ್ತಾಂಶಕ್ಕೆ ಹೊಂದುತ್ತದೆ. ಈ ವ್ಯಾಪ್ತಿಯೊಳಗೆ 1 ಬಿದ್ದರೆ ವ್ಯತ್ಯಾಸ ಸಾಬೀತಾಗಿಲ್ಲ ಎಂದು ಓದಿ, ಔಷಧ ನಿಷ್ಪ್ರಯೋಜಕ ಎಂದಲ್ಲ. ಜನ ಸಾಲದೆ ಹೋದ ಅಧ್ಯಯನದಲ್ಲೂ ಹೀಗೇ ಆಗುತ್ತದೆ.