ಇದು ರಕ್ತದ ಕ್ಯಾನ್ಸರ್ ಅಲ್ಲ

ಚಾಮರಾಜನಗರ ಜಿಲ್ಲೆಯ ಹಾಸ್ಟೆಲ್ ವಾರ್ಡನ್ ಒಬ್ಬರು ಬರೆದಿದ್ದಾರೆ: ‘ಸಿಕಲ್ ಸೆಲ್ (ಕೆಂಪುಕಣ ಕುಡುಗೋಲಿನ ಆಕಾರಕ್ಕೆ ತಿರುಗುವ, ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ಇರುವ ನಮ್ಮ ಹುಡುಗನಿಗೆ ಎರಡು ದಿನ ಜ್ವರ ಬಂತು. ವಾರದೊಳಗೆ ಬಿಳಿಚಿಕೊಂಡ, ಮೆಟ್ಟಿಲು ಹತ್ತಲಾರ. ಹಿಮೋಗ್ಲೋಬಿನ್ 8ರಿಂದ 3ಕ್ಕೆ ಇಳಿದಿತ್ತು. ವೈರಸ್‌ನಿಂದ ಮೂಳೆಮಜ್ಜೆ ಕೆಲಸ ನಿಲ್ಲಿಸಿದೆ ಅಂದರು. ರಕ್ತ ಕೊಟ್ಟ ಮೇಲೆ ಚೇತರಿಸಿಕೊಂಡ. ಇದು ರಕ್ತದ ಕ್ಯಾನ್ಸರಾ? ಬೇರೆ ಮಕ್ಕಳಿಗೂ ಬರುತ್ತಾ?’

ಕ್ಯಾನ್ಸರ್‌ನ ಕಥೆ ಇದಲ್ಲ. ನೀವು ಬರೆದದ್ದು ಪಾರ್ವೊವೈರಸ್ ಬಿ19ಕ್ಕೆ ಸರಿಯಾಗಿ ಹೊಂದುತ್ತದೆ. ವೈದ್ಯರನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ. 1975ರ ಸುಮಾರಿಗೆ ಲಂಡನ್ನಿನಲ್ಲಿ ಯವೊನ್ ಕೊಸಾರ್ಟ್ ತಂಡ ಹೆಪಟೈಟಿಸ್ ಬಿ ಪರೀಕ್ಷೆ ಮಾಡುವಾಗ ಈ ವೈರಸ್ ಅಕಸ್ಮಾತ್ ಸಿಕ್ಕಿತು. ಬಿ ಸಾಲಿನ 19ನೇ ಮಾದರಿಯಲ್ಲಿತ್ತು, ಅದೇ ಹೆಸರಾಯಿತು.

ಮಜ್ಜೆಯಲ್ಲಿ ಕೆಂಪುಕಣವಾಗಿ ಬೆಳೆಯುತ್ತಿರುವ ಎಳೆಯ ಕಣಗಳನ್ನೇ ಇದು ಹುಡುಕಿ ಕೊಲ್ಲುತ್ತದೆ. ವಾರ, ಹತ್ತು ದಿನ ಹೊಸ ಕೆಂಪುಕಣ ಹುಟ್ಟುವುದೇ ಇಲ್ಲ. ಸಿಕಲ್ ಸೆಲ್ ಇಲ್ಲದ ನಮಗೆ ಇದು ಗೊತ್ತೂ ಆಗಲ್ಲ. ನಮ್ಮ ಕೆಂಪುಕಣ ಸುಮಾರು 120 ದಿನ ಬಾಳುತ್ತದೆ. ಸಿಕಲ್ ಸೆಲ್ ಮಕ್ಕಳದ್ದು ಬರೀ 10–20 ದಿನ. ಅಷ್ಟು ಬೇಗ ಕಣ ಸಾಯುವಾಗ ಹೊಸದು ಬರದಿದ್ದರೆ ಏನಾಗುತ್ತದೆ ಅಂತ ನೀವೇ ಕಣ್ಣಾರೆ ನೋಡಿದ್ದೀರಿ.

ಇದನ್ನು ಹಿಡಿಯುವ ಪರೀಕ್ಷೆ ಸುಲಭ: ರೆಟಿಕ್ಯುಲೊಸೈಟ್ ಎಣಿಕೆ, ಅಂದರೆ ಆಗಷ್ಟೇ ಹೊರಬಂದ ಕೆಂಪುಕಣಗಳ ಲೆಕ್ಕ. ಸಿಕಲ್ ಸೆಲ್ ಇದ್ದವರಲ್ಲಿ ಇದು ಯಾವಾಗಲೂ ಜಾಸ್ತಿ. ಬಿ19 ಹಿಡಿದಾಗ ಸೊನ್ನೆಯ ಹತ್ತಿರ ಬರುತ್ತದೆ. ಇದರ ಬದಲು ಗುಲ್ಮ (ಹೊಟ್ಟೆಯ ಎಡಗಡೆ ಇರುವ, ರಕ್ತ ಸೋಸುವ ಅಂಗ) ಊದಿ ರಕ್ತ ಅಲ್ಲೇ ಸಿಕ್ಕಿಕೊಂಡಿದ್ದರೆ ಹಿಮೋಗ್ಲೋಬಿನ್ ಇಳಿದರೂ ಈ ಲೆಕ್ಕ ಬೀಳಲ್ಲ.

ಎಲ್ಲ ವೈರಸ್ಸೂ ಇಷ್ಟಕ್ಕೇ ಬಿಡುವುದಿಲ್ಲ. ಬಿ19 ಅಲ್ಲದ ಬೇರೊಂದು ಕಾಯಿಲೆಯಲ್ಲಿ ಕೆಲವರಿಗೆ, ಹೆಚ್ಚಾಗಿ ಹದಿಹರೆಯದ ಹುಡುಗರಿಗೆ, ಕಾಮಾಲೆ ಬಂದು ಎರಡು ಮೂರು ತಿಂಗಳಿಗೆ ಬಿಳಿಕಣ, ಕೆಂಪುಕಣ, ಪ್ಲೇಟ್‌ಲೆಟ್ ಎಲ್ಲವೂ ಇಳಿಯುತ್ತವೆ. ಹೆಪಟೈಟಿಸ್ ಎ, ಬಿ, ಸಿ ಪರೀಕ್ಷೆ ಬಹುತೇಕ ನೆಗೆಟಿವ್ ಇರುತ್ತದೆ. ಅಲ್ಲಿ ಮೈಯ ರಕ್ಷಣಾ ಕಣಗಳೇ ಮಜ್ಜೆಯ ಮೂಲಕಣಗಳ ಮೇಲೆ ಬೀಳುತ್ತವೆ. ಅದು ತಾನಾಗಿ ವಾಸಿಯಾಗುವುದು ಅಪರೂಪ. ಮಜ್ಜೆ ಕಸಿ ಇಲ್ಲವೇ ರಕ್ಷಣಾ ಕಣಗಳನ್ನು ತಗ್ಗಿಸುವ ಔಷಧಿ ಬೇಕು.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ಹೌದು, ಬಿ19 ಕೆಮ್ಮು, ಸೀನಿನಿಂದ ಹರಡುತ್ತದೆ. ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬರಲ್ಲ. ಲಸಿಕೆ ಇನ್ನೂ ಇಲ್ಲ. ಹಾಸ್ಟೆಲ್‌ನಲ್ಲಿ ಸಿಕಲ್ ಸೆಲ್ ಇರುವ ಉಳಿದ ಮಕ್ಕಳ ಪಟ್ಟಿ ಮಾಡಿ. ಯಾರಿಗಾದರೂ ಜ್ವರ ಬಂದರೆ ಅಥವಾ ಯಾರಾದರೂ ಬಿಳಿಚಿಕೊಂಡರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ, ಸುಮ್ನೆ ಮಾತ್ರೆ ಕೊಟ್ಟು ಕಾಯಬೇಡಿ. ಗರ್ಭಿಣಿ ಸಿಬ್ಬಂದಿ ಇದ್ದರೆ ಅವರಿಗೂ ಹೇಳಿ. ಹೊಟ್ಟೆಯಲ್ಲಿರುವ ಮಗುವಿಗೂ ಈ ವೈರಸ್ ರಕ್ತಹೀನತೆ ತರಬಲ್ಲದು.