ಮೇಲಿನ ಸ್ಟ್ಯಾಂಡ್ ಅಲುಗಾಡಿತಾ? ಮೊದಲು ಅದರ ಅಡಿಭಾಗ ನೋಡಿ

ಐಪಿಎಲ್ ಶುರುವಾದರೆ ಸಾಕು, ಕಟ್ಟಡಗಳ ಬಗ್ಗೆ ಓದುಗರು ನನಗೆ ಬರೆಯುವ ಪ್ರಶ್ನೆಗಳಲ್ಲಿ ಸೋರುವ ತಾರಸಿ, ಬಿರುಕು ಬಿಟ್ಟ ಗೋಡೆ ಎಲ್ಲ ಹಿಂದೆ ಬೀಳುತ್ತವೆ. ಬರುವುದು ಒಂದೇ ಪ್ರಶ್ನೆ: ಸ್ಟೇಡಿಯಂ ಅಲುಗಾಡಿತು, ಬೀಳುತ್ತಾ? ಇಷ್ಟು ವರ್ಷ ಎರಡು ಸಾಲಲ್ಲಿ ಮುಗಿಸುತ್ತಿದ್ದೆ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ. ಮುಂದೆ ಇದೇ ಪ್ರಶ್ನೆ ಬಂದರೆ ಈ ಪುಟ ತೋರಿಸುತ್ತೇನೆ, ಅಷ್ಟೆ.

ಪ್ರಶ್ನೆ: ಮಗನ ಜೊತೆ ಮ್ಯಾಚ್‌ಗೆ ಹೋಗಿದ್ದೆ. ಮೇಲಿನ ಸ್ಟ್ಯಾಂಡಿನ ಮುಂದಿನ ಸಾಲಲ್ಲಿ ಸೀಟು. ಸಿಕ್ಸರ್ ಹೋದ ಮೇಲೆ ಡಿಜೆ ಹಾಡು ಹಾಕಿದರು, ಎಲ್ಲರೂ ಕುಣಿದರು. ಕಾಲ ಕೆಳಗೆ ನೆಲ ಕಡಿಮೆ ಅಂದರೂ ಅರ್ಧ ಅಡಿ ಮೇಲೆ ಕೆಳಗೆ ಆಯಿತು. ಹೆದರಿ ಎದ್ದು ಬಂದುಬಿಟ್ಟೆವು. ಪಕ್ಕದಲ್ಲಿದ್ದವರು "ಅದನ್ನ ಅಲುಗಾಡಲಿ ಅಂತಲೇ ಕಟ್ಟಿರೋದು" ಅಂದರು. ನಿಜವಾ ಸರ್? (ರಾಜಾಜಿನಗರ)

ಮೊದಲು ಆ ಅರ್ಧ ಅಡಿಯ ವಿಷಯ ಮುಗಿಸೋಣ. ಎಲ್ಲರೂ ಅರ್ಧ ಅಡಿ ಅಂತಲೇ ಬರೆಯುತ್ತಾರೆ. ಸೆಕೆಂಡಿಗೆ ಎರಡು ಸಲದಂತೆ ನೆಲ ಅರ್ಧ ಅಡಿ ಮೇಲೆ ಕೆಳಗೆ ಆಗಿದ್ದರೆ, ನೀವು ಸೀಟು ಬಿಟ್ಟು ಗಾಳಿಯಲ್ಲಿರುತ್ತಿದ್ದಿರಿ. ಆ ವೇಗದಲ್ಲಿ ನೆಲ ಕೆಳಗೆ ಜಾರುವ ರಭಸ ಗುರುತ್ವವನ್ನೂ ಮೀರಿಸುತ್ತದೆ. ನಿಜವಾಗಿ ಆಗಿರುವುದು ಕೆಲವು ಮಿಲಿಮೀಟರ್. ಅದೇ ಲಯದಲ್ಲಿ 6 ಮಿಲಿಮೀಟರ್ ಮೇಲೆ, 6 ಮಿಲಿಮೀಟರ್ ಕೆಳಗೆ ಹೋದರೆ ಸಾಕು, ಗುರುತ್ವದ ಹತ್ತನೇ ಒಂದು ಭಾಗದಷ್ಟು ರಭಸ ಮೈಗೆ ತಟ್ಟುತ್ತದೆ. ನಮ್ಮ ದೇಹ ಎಷ್ಟು ದೂರ ಸರಿದೆವು ಅಂತ ಅಳೆಯುವುದಿಲ್ಲ, ಎಷ್ಟು ರಭಸದಲ್ಲಿ ಅಂತ ಅಳೆಯುತ್ತದೆ. ಅದಕ್ಕೇ ಆರು ಮಿಲಿಮೀಟರ್ ಅರ್ಧ ಅಡಿಯಾಗಿಬಿಡುತ್ತದೆ.

ಇನ್ನು ನಿಮ್ಮ ಪಕ್ಕದವರು ಹೇಳಿದ್ದು ಅರ್ಧ ಸತ್ಯ. ಅಲುಗಾಡಲಿ ಅಂತ ಯಾರೂ ಕಟ್ಟುವುದಿಲ್ಲ. ಅಲುಗಾಡುತ್ತದೆ ಅಂತ ಗೊತ್ತಿದ್ದು ಕಟ್ಟುತ್ತಾರೆ. ಇವೆರಡೂ ಒಂದೇ ಅಲ್ಲ.

ಹಳೇ ಕಾಲದ ಸ್ಟ್ಯಾಂಡುಗಳಲ್ಲಿ ಮುಂದೆಯೇ ಕಂಬ ಇರುತ್ತಿತ್ತು. ಕಂಬದ ಹಿಂದೆ ಸೀಟು ಸಿಕ್ಕವನಿಗೆ ವಿಕೆಟ್ ಕಾಣುತ್ತಿರಲಿಲ್ಲ. ಆ ಕಂಬ ತೆಗೆದರು. ಈಗ ಮೇಲಿನ ಅಂತಸ್ತು ಹಿಂದಿನ ಕಂಬಗಳಿಂದ ಮುಂದಕ್ಕೆ ಚಾಚಿಕೊಂಡಿದೆ, ತುದಿಗೆ ಆಸರೆ ಇಲ್ಲ. ಕ್ಯಾಂಟಿಲಿವರ್ ಅನ್ನುವುದು ಇದನ್ನೇ. ಎಲ್ಲಕ್ಕಿಂತ ಜಾಸ್ತಿ ಆಡುವುದು ಅದರ ತುದಿ, ಅಂದರೆ ನೀವು ದುಡ್ಡು ಜಾಸ್ತಿ ಕೊಟ್ಟು ಕೂತ ಮುಂದಿನ ಸಾಲು.

ಪ್ರತಿ ಕಟ್ಟಡಕ್ಕೂ ತನ್ನದೇ ಒಂದು ಲಯ ಇರುತ್ತದೆ. ಮಲೆನಾಡಿನಲ್ಲಿ ಅಡಿಕೆ ಮರದ ಕಾಲುಸಂಕ ದಾಟಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದು ನಡಿಗೆಯಲ್ಲಿ ಹೋದರೆ ಸಂಕ ತೆಪ್ಪಗಿರುತ್ತದೆ, ಇನ್ನೊಂದು ನಡಿಗೆಯಲ್ಲಿ ಹೆಜ್ಜೆ ಹೆಜ್ಜೆಗೂ ಎತ್ತಿ ಎತ್ತಿ ಒಗೆಯುತ್ತದೆ. ಹೊರೆ ಅದೇ, ಆಸಾಮಿಯೂ ಅದೇ. ಹೆಜ್ಜೆಯ ಲಯ ಸಂಕದ ಲಯಕ್ಕೆ ಕೂಡಿಬಿಟ್ಟಿತು, ಅಷ್ಟೆ. ಎಂಜಿನಿಯರುಗಳು ಬಾಯಲ್ಲೇ ಹಾಕುವ ಒಂದು ಲೆಕ್ಕ ಇದೆ. ತನ್ನ ಭಾರಕ್ಕೆ ತಾನೇ ಎಷ್ಟು ಮಿಲಿಮೀಟರ್ ಬಾಗಿದೆಯೋ ಅದರ ವರ್ಗಮೂಲದಿಂದ 18ನ್ನು ಭಾಗಿಸಿ. ಸೆಕೆಂಡಿಗೆ ಎಷ್ಟು ಸಲ ಆಡುತ್ತದೆ ಅಂತ ಹೆಚ್ಚುಕಡಿಮೆ ಸಿಗುತ್ತದೆ. 36 ಮಿಲಿಮೀಟರ್ ಬಾಗಿದ್ದರೆ ಸೆಕೆಂಡಿಗೆ ಮೂರು ಸಲ.

ಮನುಷ್ಯ ಕುಣಿಯುವುದು ಸೆಕೆಂಡಿಗೆ ಒಂದೂವರೆಯಿಂದ ಮೂರೂವರೆ ಸಲ. ನಿಮಿಷಕ್ಕೆ 120 ತಾಳದ ಡಿಜೆ ಹಾಡು ಅಂದರೆ ಸೆಕೆಂಡಿಗೆ ಸರಿಯಾಗಿ ಎರಡು. ಸಿಕ್ಸರ್ ಹೋದಾಗ ಜನ ಎಗರುತ್ತಾರೆ, ಆದರೆ ಒಬ್ಬೊಬ್ಬರು ಒಂದೊಂದು ಹೊತ್ತಿಗೆ. ಒಬ್ಬರ ಹೊಡೆತವನ್ನು ಇನ್ನೊಬ್ಬರದು ತಿಂದುಹಾಕುತ್ತದೆ. ಆಮೇಲೆ ಡಿಜೆ ಹಾಡು ಹಾಕುತ್ತಾನೆ ನೋಡಿ, ಆಗ ಸಾವಿರ ಜನ ಒಂದೇ ತಾಳಕ್ಕೆ ಬೀಳುತ್ತಾರೆ. ನಿಮ್ಮ ನೆಲ ಅಲುಗಿದ್ದು ಸಿಕ್ಸರ್‌ಗಲ್ಲ, ಹಾಡಿಗೆ. ಇನ್ನೊಂದು ವಿಷಯ: ಸೆಕೆಂಡಿಗೆ ಎರಡು ಸಲ ಕುಣಿದರೂ ಆ ಹೊಡೆತದಲ್ಲಿ ನಾಲ್ಕರ, ಆರರ ಲಯವೂ ಸಣ್ಣದಾಗಿ ಸೇರಿರುತ್ತದೆ. ಅದಕ್ಕೇ 1996ರ ಬ್ರಿಟಿಷ್ ನಿಯಮ, ಮೇಲೆ ಕೆಳಗೆ ಆಡುವ ಲಯ ಸೆಕೆಂಡಿಗೆ 8.4ಕ್ಕಿಂತ ಕಡಿಮೆ ಇದ್ದರೆ, ಅಕ್ಕಪಕ್ಕದ್ದು 4ಕ್ಕಿಂತ ಕಡಿಮೆ ಇದ್ದರೆ, ಕುಣಿತದ ಲೆಕ್ಕವನ್ನು ಬೇರೆಯಾಗಿ ಮಾಡಿ ಅಂದಿತು.

ಈಗ ನಿಮಗೆ ಬೇಕಾದ ಮಾತು. ಅಲುಗಾಡುವುದು ಬೇರೆ, ಮುರಿಯುವುದು ಬೇರೆ. ಕಟ್ಟಡ ಎಷ್ಟು ಹೊರೆ ಹೊರಬೇಕು ಅಂತ ಹೇಳುವ ನಮ್ಮ ದೇಶದ ಮಾನದಂಡ ಐಎಸ್ 875ರ ಪ್ರಕಾರ, ಸೀಟು ಜಡಿದ ಸಭಾಂಗಣದ ನೆಲ ಚದರ ಮೀಟರಿಗೆ ಸುಮಾರು 400 ಕಿಲೋ ಹೊರಬೇಕು, ಸೀಟು ಇಲ್ಲದಿದ್ದರೆ 500. ಸೀಟು ಇರುವ ಕಡೆ ಒಂದು ಚದರ ಮೀಟರಿಗೆ ಇಬ್ಬರು ಕೂತರೆ ಹೆಚ್ಚು. ಅದರ ಮೇಲೆ ಸುರಕ್ಷತೆಗೆ ಅಂತ ಇನ್ನೊಂದಿಷ್ಟು ಸೇರಿಸುತ್ತೇವೆ. ಸರಿಯಾಗಿ ಕಟ್ಟಿ, ಸರಿಯಾಗಿ ನೋಡಿಕೊಂಡ ಸ್ಟ್ಯಾಂಡಿಗೆ ಕೆಲವು ಮಿಲಿಮೀಟರ್ ಆಟ ಏನೂ ಅಲ್ಲ. ಕುಣಿಯದೆ ಸುಮ್ನೆ ಕೂತವರ ಮೈ ಕೂಡ ಆ ಅಲುಗಾಟವನ್ನು ಹೀರಿಕೊಳ್ಳುತ್ತದೆ.

ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಬೋಕಾ ಜೂನಿಯರ್ಸ್ ತಂಡದ ಲಾ ಬೊಂಬೊನೆರಾ ಅಂತ ಫುಟ್‌ಬಾಲ್ ಸ್ಟೇಡಿಯಂ ಇದೆ. 1940ರಲ್ಲಿ ಶುರುವಾದದ್ದು. ಅದು ಎಷ್ಟು ಅಲುಗುತ್ತದೆಂದರೆ "ಇದು ನಡುಗುವುದಿಲ್ಲ, ಮಿಡಿಯುತ್ತದೆ" ಅಂತ ಅಭಿಮಾನಿಗಳು ಹೆಮ್ಮೆಪಡುತ್ತಾರೆ. ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ಬಿನವರು ಅಷ್ಟು ರಸಿಕರಲ್ಲ. ತಮ್ಮ ಸ್ಟೇಡಿಯಂನ ಆನ್‌ಫೀಲ್ಡ್ ರೋಡ್ ಸ್ಟ್ಯಾಂಡಿಗೆ 1998ರಲ್ಲಿ ಮೇಲಂತಸ್ತು ಸೇರಿಸಿದರು. ಅಲುಗುತ್ತದೆ ಅಂತ ದೂರು ಬಂತು. ತೆಪ್ಪಗೆ ಕೆಳಗಿಂದ ಕಂಬಗಳ ಆಸರೆ ಕೊಟ್ಟರು. ಕಾಣುವುದಿಲ್ಲ ಅಂತ ತೆಗೆದ ಕಂಬವೇ ವಾಪಸ್ ಬಂತು! ನನ್ನ ಪ್ರಕಾರ ಅದೇ ಸರಿ.

ಹಾಗಾದರೆ ಬೀಳುವುದೇ ಇಲ್ಲವಾ? ಬಿದ್ದಿವೆ. ಬ್ರೆಜಿಲ್‌ನ ಸಾಲ್ವಡಾರ್‌ನಲ್ಲಿ ಫೊಂಟೆ ನೋವಾ ಅಂತ 1951ರ ಸ್ಟೇಡಿಯಂ. 2007ರ ನವೆಂಬರ್ 25ರಂದು ಜನ ಕುಣಿಯುತ್ತಿದ್ದಾಗ ಮೇಲಿನ ಸ್ಟ್ಯಾಂಡಿನ ಒಂದು ತುಂಡು ಕಳಚಿ ಬಿತ್ತು. ಏಳು ಜನ ಸತ್ತರು. ಕುಣಿತ ಬರೀ ನೆಪ. ವರ್ಷಗಟ್ಟಲೆ ನೀರು ಇಳಿದು ಒಳಗಿನ ಕಂಬಿ ತುಕ್ಕು ತಿಂದಿತ್ತು. ನ್ಯೂಯಾರ್ಕ್‌ನ ಹಳೇ ಯಾಂಕೀ ಸ್ಟೇಡಿಯಂನಲ್ಲಿ 1998ರ ಏಪ್ರಿಲ್‌ನಲ್ಲಿ ಮೇಲಿನ ಅಂತಸ್ತಿನಿಂದ ಸುಮಾರು 225 ಕಿಲೋ ತೂಕದ ಉಕ್ಕಿನ ತುಂಡು ಸೀಟಿನ ಮೇಲೆ ಬಿತ್ತು. ಆಗ ಸ್ಟೇಡಿಯಂ ಖಾಲಿ. ಒಬ್ಬನೂ ಕುಣಿಯುತ್ತಿರಲಿಲ್ಲ.

ಅದಕ್ಕೇ ಹೇಳುವುದು, ಕಾಲ ಕೆಳಗಿನ ಅಲುಗಾಟ ಬಿಡಿ, ಮೆಟ್ಟಿಲು ಹತ್ತುವಾಗ ತಲೆ ಎತ್ತಿ ಸ್ಟ್ಯಾಂಡಿನ ಅಡಿಭಾಗ ನೋಡಿ. ಎರಡು ಬ್ಲಾಕು ಕೂಡುವ ಕಡೆ ಎರಡು ಬೆರಳಿನಷ್ಟು ಸಂದು ಇರುತ್ತದೆ, ಮೇಲೆ ಅಲ್ಯೂಮಿನಿಯಂ ಪಟ್ಟಿ. ಜನ ಕುಣಿದಾಗ ಆ ಪಟ್ಟಿ ಕಟಕಟ ಅನ್ನುತ್ತದೆ. ಅದರ ಫೋಟೋ ತೆಗೆದು "ಬಿರುಕು ಬಿಟ್ಟಿದೆ" ಅಂತ ಹಂಚುವವರು ದಯವಿಟ್ಟು ನಿಲ್ಲಿಸಿ. ಬಿಸಿಲಿಗೆ ಕಾಂಕ್ರೀಟ್ ಹಿಗ್ಗಲಿ ಅಂತ ಬಿಟ್ಟ ಜಾಗ ಅದು. ನೋಡಬೇಕಾದ್ದು ಅದರ ಕೆಳಗೆ. ಸಂದಿನಿಂದ ನೀರು ಇಳಿದು ತೊಲೆಯ ಮೇಲೆ ಕಂದು ಗೆರೆ ಎಳೆದಿದೆಯಾ? ಬಿಳಿ ಉಪ್ಪು ಕಟ್ಟಿದೆಯಾ? ಕಾಂಕ್ರೀಟ್ ಉದುರಿ ಕಂಬಿ ಇಣುಕುತ್ತಿದೆಯಾ? ಬರೀ ಪೇಂಟ್ ಹೊಡೆದು ಮುಚ್ಚಿದ್ದಾರಾ? ಇದ್ದರೆ ಫೋಟೋ ತೆಗೆದು ಸ್ಟೇಡಿಯಂನವರಿಗೆ ಬರೆದು ಕೊಡಿ. ಆ ಒಂದು ಫೋಟೋ ನಿಮ್ಮ ನೂರು ವಾಟ್ಸಾಪ್ ವಿಡಿಯೋಗೆ ಸಮ.

ಎದ್ದು ಹೋಗಬೇಕಾದ ಲಕ್ಷಣಗಳೂ ಇವೆ. ಜನ ಕುಣಿಯುವುದು ನಿಲ್ಲಿಸಿದ ಮೇಲೂ ಅಲುಗಾಟ ನಿಲ್ಲದಿದ್ದರೆ, ಚಟ್ ಅಂತ ಸದ್ದು ಬಂದು ಚೂರು ಉದುರಿದರೆ, ಮೊದಲು ಸಮನಾಗಿದ್ದ ಎರಡು ಬ್ಲಾಕಿನ ನಡುವೆ ಮೆಟ್ಟಿಲಿನಂತೆ ಏರುಪೇರು ಕಂಡರೆ, ಎದ್ದು ಹೋಗಿ. ಹೋಗಿ ಅಂದೆ, ಓಡಿ ಅನ್ನಲಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಬಳಿ 11 ಜನ ಸತ್ತರಲ್ಲ, ಅದು ಗೇಟಿನ ಹತ್ತಿರದ ನೂಕುನುಗ್ಗಲಿನಲ್ಲಿ. ಯಾವ ಸ್ಟ್ಯಾಂಡೂ ಬಿದ್ದಿರಲಿಲ್ಲ.

ನನ್ನ ಸ್ವಂತ ರೂಢಿ ಕೇಳಿದರೆ, ಕ್ರಿಕೆಟ್‌ಗೆ ಮೇಲೆ ಕೂರುತ್ತೇನೆ, ಸಂಗೀತ ಕಾರ್ಯಕ್ರಮಕ್ಕೆ ಕೂರುವುದಿಲ್ಲ. ಮ್ಯಾಚ್‌ಗೆ ಅಂತ ಕಟ್ಟಿದ ಸ್ಟ್ಯಾಂಡಿನಲ್ಲಿ ಎರಡು ತಾಸು ಒಂದೇ ತಾಳಕ್ಕೆ ಕುಣಿಸಿದರೆ, ಅದಕ್ಕೆ ಬೇರೆ ಲೆಕ್ಕ ಮಾಡಿದ್ದಾರಾ ಅಂತ ನನಗೆ ಟಿಕೆಟಿನ ಮೇಲೆ ಕಾಣುವುದಿಲ್ಲ. ನನ್ನ ಹೆಂಡತಿ ಇದನ್ನು ಪುಕ್ಕಲುತನ ಅನ್ನುತ್ತಾಳೆ. ಇರಲಿ.

ಪ್ರಶ್ನೆ: ಊರ ಕಬಡ್ಡಿ ಪಂದ್ಯಕ್ಕೆ ಹಾಕುವ ತಾತ್ಕಾಲಿಕ ಗ್ಯಾಲರಿ ಕೂಡ ಹೀಗೇ ಅಲುಗುತ್ತದೆ. ಅದೂ ಮಾಮೂಲಿನಾ? (ಬಂಟ್ವಾಳ)

ಅಲ್ಲ. ಮೇಲೆ ಬರೆದ ಧೈರ್ಯದ ಮಾತು ಒಂದೂ ಇದಕ್ಕೆ ಲಗಾವಾಗುವುದಿಲ್ಲ. ಫ್ರಾನ್ಸಿನ ಬಾಸ್ಟಿಯಾದಲ್ಲಿ 1992ರ ಮೇ 5ರಂದು ತಾತ್ಕಾಲಿಕ ಸ್ಟ್ಯಾಂಡ್ ಬಿದ್ದು ಕಡಿಮೆ ಅಂದರೂ 18 ಜನ ಸತ್ತರು, ಗಾಯಗೊಂಡವರು ಎರಡು ಸಾವಿರಕ್ಕೂ ಹೆಚ್ಚು. 2021ರ ಮಾರ್ಚ್‌ನಲ್ಲಿ ತೆಲಂಗಾಣದ ಸೂರ್ಯಾಪೇಟೆಯಲ್ಲಿ ಕಬಡ್ಡಿ ಗ್ಯಾಲರಿ ಬಿತ್ತು, ಮರುವರ್ಷ ಮಾರ್ಚ್‌ನಲ್ಲಿ ಕೇರಳದ ಮಲಪ್ಪುರಂನಲ್ಲಿ ಫುಟ್‌ಬಾಲ್ ಗ್ಯಾಲರಿ. ಇಂಥವು ಹೆಚ್ಚಾಗಿ ಪಕ್ಕಕ್ಕೆ ವಾಲಿ ಬೀಳುತ್ತವೆ. ಹತ್ತುವ ಮುಂಚೆ ಹಿಂದೆ ಹೋಗಿ ನೋಡಿ. ನೆಟ್ಟಗೆ ನಿಂತ ಪೈಪು, ಅಡ್ಡ ಪೈಪು ಮಾತ್ರ ಇದ್ದು ಓರೆಯಾಗಿ ಕಟ್ಟಿದ್ದು ಒಂದೂ ಇಲ್ಲದಿದ್ದರೆ ಹತ್ತಬೇಡಿ. ಕಂಬದ ಬುಡ ಹಸಿ ಮಣ್ಣಿನ ಮೇಲೆ, ಒಡೆದ ಇಟ್ಟಿಗೆ ತುಂಡಿನ ಮೇಲೆ ನಿಂತಿದ್ದರೆ ಹತ್ತಬೇಡಿ. ಸರ್ವೆ ಕಂಬಕ್ಕೆ ಹಗ್ಗ ಬಿಗಿದದ್ದಾದರೆ ಕೇಳಲೇ ಬೇಡಿ. "ನಾವು ಇಪ್ಪತ್ತು ವರ್ಷದಿಂದ ಹಾಕ್ತಿದ್ದೀವಿ, ಏನೂ ಆಗಿಲ್ಲ" ಅನ್ನುವ ಗುತ್ತಿಗೆದಾರರು ಎಲ್ಲ ಊರಲ್ಲೂ ಇದ್ದಾರೆ. ನೆಲದ ಮೇಲೆ ನಿಂತು ನೋಡಿ.

ಪ್ರಶ್ನೆ: ಫೋನಿನ ಆ್ಯಪ್‌ನಲ್ಲಿ ಅಲುಗಾಟ ಅಳೆದು ಸ್ಟ್ಯಾಂಡ್ ಸುರಕ್ಷಿತವಾ ಅಂತ ಹೇಳಬಹುದಾ? (ಹುಬ್ಬಳ್ಳಿ)

ಲಯ ಎಷ್ಟು ಅಂತ ಸುಮಾರಾಗಿ ಹೇಳಬಹುದು, ಒಳಗಿನ ಕಂಬಿಗೆ ತುಕ್ಕು ಹಿಡಿದಿದೆಯಾ ಅಂತ ಅಲ್ಲ. ಹಸಿರು ಟಿಕ್ ತೋರಿಸುವ ಆ್ಯಪ್ ಅಳಿಸಿಹಾಕಿ.

ಪ್ರಶ್ನೆ: ಅಮೆರಿಕದಲ್ಲಿ ಜನ ಡ್ಯಾನ್ಸ್ ಮಾಡಿ ಹೋಟೆಲ್ ಸೇತುವೆಯನ್ನೇ ಬೀಳಿಸಿದರಂತೆ? (ಮೈಸೂರು)

ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ, 1981ರ ಜುಲೈ 17. ಸತ್ತವರು 114. ಬೀಳಿಸಿದ್ದು ಡ್ಯಾನ್ಸ್ ಅಲ್ಲ. ಒಂದರ ಕೆಳಗೊಂದು ತೂಗುಹಾಕಿದ್ದ ಎರಡು ಸೇತುವೆಗೆ ಮೇಲಿಂದ ಕೆಳಗಿನವರೆಗೆ ಒಂದೇ ಇರಬೇಕಾದ ಸರಳನ್ನು ಕೆಲಸಕ್ಕೆ ಸುಲಭ ಅಂತ ಎರಡು ತುಂಡು ಮಾಡಿದರು. ಮೇಲಿನ ಸೇತುವೆಯ ನಟ್ಟಿನ ಮೇಲೆ ಎರಡು ಪಟ್ಟು ಹೊರೆ ಬಿತ್ತು. ಸತ್ತವರ ಮೇಲೆ ತಪ್ಪು ಹೊರಿಸುವ ಯೂಟ್ಯೂಬ್ ವಿಡಿಯೋ ನೋಡುವುದು ಬಿಡಿ.

ಪ್ರಶ್ನೆ: 2023ರಲ್ಲಿ ಸಿಯಾಟಲ್‌ನಲ್ಲಿ ಟೇಲರ್ ಸ್ವಿಫ್ಟ್ ಕಾರ್ಯಕ್ರಮದಿಂದ ಭೂಕಂಪ ಆಯಿತಂತೆ? (ಸಿಯಾಟಲ್‌ನಿಂದಲೇ ಒಬ್ಬ ಕನ್ನಡಿಗರು)

ಹತ್ತಿರದ ಭೂಕಂಪ ಮಾಪಕ ನೆಲದ ಕಂಪನವನ್ನು ದಾಖಲಿಸಿತು, ಭೂಮಿಯೇನೂ ಬಿರಿಯಲಿಲ್ಲ.

ಪ್ರಶ್ನೆ: ಸ್ಟೇಡಿಯಂ ಅಲುಗಾಡುವುದಕ್ಕೆ ವಾಸ್ತು ದೋಷ ಕಾರಣವಾ? (ಊರು ಬರೆದಿಲ್ಲ)

ಊರು ಬರೆಯದೇ ಇದ್ದದ್ದು ಒಳ್ಳೆಯದಾಯಿತು.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿ ಬೆಳಗ್ಗೆ ಜುಂಬಾ. ಕೆಳಗೆ ನಮ್ಮ ಮನೆ ಫ್ಯಾನ್ ತೂಗುತ್ತದೆ. ಕಟ್ಟಡಕ್ಕೆ ಅಪಾಯವಾ? (ವೈಟ್‌ಫೀಲ್ಡ್)

2011ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ 39 ಮಹಡಿಯ ಟೆಕ್ನೋಮಾರ್ಟ್ ಕಟ್ಟಡ ಹತ್ತು ನಿಮಿಷ ಅಲುಗಿ ಎಲ್ಲರೂ ಹೊರಗೆ ಓಡಿದ್ದರು. ತಜ್ಞರು ಹುಡುಕಿದಾಗ ಕಾರಣ ಸಿಕ್ಕಿದ್ದು 12ನೇ ಮಹಡಿಯ ಜಿಮ್‌ನಲ್ಲಿ. ಸುಮಾರು 17 ಜನ ಒಂದೇ ತಾಳಕ್ಕೆ ವ್ಯಾಯಾಮ ಮಾಡುತ್ತಿದ್ದರು. ಕಟ್ಟಡ ಬೀಳಲಿಲ್ಲ. ಸರಿಯಾಗಿ ಕಟ್ಟಿದ್ದರೆ ನಿಮ್ಮದೂ ಬೀಳುವುದಿಲ್ಲ. ಹಾಡಿನ ವೇಗ ಬದಲಿಸಲು ಹೇಳಿ, ಒಪ್ಪದಿದ್ದರೆ ಜುಂಬಾವನ್ನು ನೆಲಮಹಡಿಗೆ ಇಳಿಸಿ. ಫ್ಯಾನಿನ ಕೊಕ್ಕೆ ಗಟ್ಟಿ ಇದೆಯಾ ಅಂತ ಇವತ್ತೇ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಅಸೋಸಿಯೇಷನ್ ಮೀಟಿಂಗಿನಲ್ಲಿ ಮಾತ್ರ ನನ್ನ ಹೆಸರು ಎತ್ತಬೇಡಿ.